ಎಲೆಕ್ಟ್ರಾನುಗಳಿಗೆ ನಿರಾತಂಕ ಪಥ

ಉಪಗ್ರಹದಿಂದ ಹೊರಟ ರೇಡಿಯೋ ತರಂಗವು ಭೂಮಿಯನ್ನು ತಲುಪುವ ವೇಳೆಗೆ ಅತ್ಯಂತ ಕ್ಷೀಣವಾಗಿರುತ್ತದೆ. ಅದನ್ನು ವರ್ಧಿಸುವ ಟ್ರಾನ್ಸಿಸ್ಟರು ಸೆಕೆಂಡಿಗೆ ನೂರಾರು ಕೋಟಿ ಆಂದೋಲನಗಳಿಗೆ ಸರಿಯಾಗಿ ಸ್ಪಂದಿಸಬೇಕು. ತನ್ನದೇ ಗದ್ದಲವನ್ನು ಅದರೊಡನೆ ಬೆರೆಸಲೂಬಾರದು. ಆಂದೋಲನಗಳು ಸೆಕೆಂಡಿಗೆ 10,000 ಕೋಟಿಯಾದರೆ, ಸೆಕೆಂಡಿಗೆ 100 ಕಿಲೋಮೀಟರ್ ವೇಗದಲ್ಲಿ ಸಾಗುವ ಎಲೆಕ್ಟ್ರಾನು ಒಂದು ಆಂದೋಲನದ ಅವಧಿಯಲ್ಲಿ ಕ್ರಮಿಸುವ ದೂರ ಮಿಲಿಮೀಟರಿನ ಸಾವಿರದ ಒಂದು ಭಾಗ ಮಾತ್ರ. ಇಷ್ಟು ಕಿರಿದಾದ ಹಾದಿಯಲ್ಲಿ ಎಡವುವುದಕ್ಕೆ ಅವಕಾಶವಿಲ್ಲ.

ಆದರೆ ಎಡವುವ ಕಾರಣವು ಟ್ರಾನ್ಸಿಸ್ಟರಿನ ರಚನೆಯಲ್ಲಿಯೇ ಅಡಗಿದೆ. ಶುದ್ಧ ಅರೆವಾಹಕ ಸ್ಫಟಿಕದಲ್ಲಿ ಚಲಿಸಬಲ್ಲ ಎಲೆಕ್ಟ್ರಾನುಗಳು ಅತ್ಯಲ್ಪ. ಆದ್ದರಿಂದ ಅದಕ್ಕೆ ಅನ್ಯ ಧಾತುವಿನ ಪರಮಾಣುಗಳನ್ನು ಬೆರೆಸುತ್ತಾರೆ. ಒಂದೊಂದು ಪರಮಾಣುವೂ ಒಂದು ಎಲೆಕ್ಟ್ರಾನನ್ನು ನೀಡುವುದರಿಂದ ಅದಕ್ಕೆ 'ದಾನಿ' ಎಂದು ಹೆಸರು. ಎಲೆಕ್ಟ್ರಾನನ್ನು ಕೊಟ್ಟ ದಾನಿಯು ಧನ ವಿದ್ಯುದಂಶವನ್ನು ತಳೆದು ಅಲ್ಲಿಯೇ ನಿಲ್ಲುತ್ತದೆ. ಹಾದುಹೋಗುವ ಎಲೆಕ್ಟ್ರಾನುಗಳನ್ನು ಸೆಳೆದು ದಾರಿ ತಪ್ಪಿಸುತ್ತದೆ. ದಾನಿಗಳು ಹೆಚ್ಚಿದಂತೆ ಅಡೆತಡೆಗಳೂ ಹೆಚ್ಚುತ್ತವೆ.

ಈ ತೊಡಕನ್ನು 1978ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡಿಂಗಲ್, ಸ್ಟೋರ್ಮರ್ ಮತ್ತು ಅವರ ಸಹೋದ್ಯೋಗಿಗಳು ಬಿಡಿಸಿದರು. ಗ್ಯಾಲಿಯಂ ಆರ್ಸೆನೈಡ್ ಮತ್ತು ಅಲ್ಯೂಮಿನಿಯಂ ಬೆರೆತ ಗ್ಯಾಲಿಯಂ ಆರ್ಸೆನೈಡ್ ಎಂಬ ಎರಡು ಸ್ಫಟಿಕಗಳನ್ನು ಅವರು ನಿರ್ವಾತದಲ್ಲಿ ಪದರದ ಮೇಲೆ ಪದರವಾಗಿ ಬೆಳೆಸಿದರು. ದಾನಿಗಳನ್ನು ಇರಿಸಿದ್ದು ಎರಡನೆಯದರಲ್ಲಿ ಮಾತ್ರ. ನೀರು ತಗ್ಗಿಗೆ ಹರಿಯುವಂತೆ ಎಲೆಕ್ಟ್ರಾನುಗಳು ಶಕ್ತಿಮಟ್ಟ ಕಡಿಮೆಯಿರುವ ಮೊದಲನೆಯ ಸ್ಫಟಿಕಕ್ಕೆ ಜಾರಿದವು. ದಾನಿಗಳು ಹಿಂದೆ ಉಳಿದವು. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ನ್ಯಾನೋಮೀಟರ್. ಸುಮಾರು ಹತ್ತು ನ್ಯಾನೋಮೀಟರ್ ದಪ್ಪದ ಹಾಳೆಯಂತೆ ಎರಡು ಸ್ಫಟಿಕಗಳ ಗಡಿಯಲ್ಲಿ ನೆಲೆಸಿದ ಎಲೆಕ್ಟ್ರಾನುಗಳು ಮೇಲೆ ಕೆಳಗೆ ಚಲಿಸಲಾರವು; ಹಾಳೆಯ ಉದ್ದಗಲಕ್ಕೆ ಮಾತ್ರ ಸರಾಗವಾಗಿ ಹರಿಯಬಲ್ಲವು.

ಈ ಹಾಳೆಯಲ್ಲಿನ ಹರಿವನ್ನು ಲೋಹದ ದ್ವಾರವೊಂದರಿಂದ ನಿಯಂತ್ರಿಸುವ ಟ್ರಾನ್ಸಿಸ್ಟರನ್ನು ಜಪಾನಿನ ಫುಜಿತ್ಸು ಸಂಸ್ಥೆಯ ತಕಾಶಿ ಮಿಮುರಾ 1979ರಲ್ಲಿ ಕಲ್ಪಿಸಿದರು. ಮರುವರ್ಷವೇ ಅದು ಪ್ರಕಟವಾಯಿತು. 1985ರಲ್ಲಿ ಅದು ಜಪಾನಿನ ನೊಬೆಯಾಮಾ ರೇಡಿಯೋ ದೂರದರ್ಶಕದಲ್ಲಿ ಅಂತರಿಕ್ಷದ ಕ್ಷೀಣ ಸಂಕೇತಗಳನ್ನು ಆಲಿಸಿತು. ಬಳಿಕ ಉಪಗ್ರಹ ಟೆಲಿವಿಷನ್ನಿನ ಚಿಕ್ಕ ಆಂಟೆನಾಗಳ ಮೂಲಕ ಮನೆಮನೆಗೂ ಬಂದಿತು. ಇಂತಹುದೇ ಪದರಗಳಲ್ಲಿ 1982ರಲ್ಲಿ ಸ್ಟೋರ್ಮರ್ ಮತ್ತು ತ್ಸುಯಿ ಕಂಡುಕೊಂಡ ವಿಲಕ್ಷಣ ವಿದ್ಯಮಾನಕ್ಕೆ, ಅದನ್ನು ವಿವರಿಸಿದ ಲಾಫ್ಲಿನ್ ಅವರೂ ಸೇರಿದಂತೆ, 1998ರ ನೊಬೆಲ್ ಪಾರಿತೋಷಕ ಸಂದಿತು. ರಾಡಾರು ಮತ್ತು ಮೊಬೈಲ್ ಗೋಪುರಗಳಿಗೆ ಹೆಚ್ಚಿನ ಸಾಮರ್ಥ್ಯ ನೀಡುವ ಗ್ಯಾಲಿಯಂ ನೈಟ್ರೈಡ್ ಎಂಬ ಇನ್ನೊಂದು ಸ್ಫಟಿಕದ ಇದೇ ಬಗೆಯ ಟ್ರಾನ್ಸಿಸ್ಟರುಗಳ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಸಂಶೋಧನೆ ನಡೆದಿದೆ.

ಎಲೆಕ್ಟ್ರಾನಿಗೆ ಯಾರೂ ಹೊಸ ಬಲವನ್ನು ತುಂಬಲಿಲ್ಲ. ಅದರ ಹಾದಿಯನ್ನು ಹಸನುಗೊಳಿಸಿದರು, ಅಷ್ಟೆ. ಕೊಟ್ಟ ದಾನಿಯು ಅಡ್ಡ ನಿಲ್ಲದಿದ್ದರೆ ಪಡೆದವರ ನಡೆ ಸರಾಗವಾಗುತ್ತದೆ. ದಾಸೋಹದ ನೆರಳಿನಲ್ಲಿ ಕಲಿಯುವ ಮಕ್ಕಳಿಗೆ ಭೌತಶಾಸ್ತ್ರದ ಈ ಪಾಠವು ಬೇಗನೆ ಮನದಟ್ಟಾದೀತು.