ಚಂದ್ರನೊಳಗೊಬ್ಬ ಒಂಟಿ ಮನುಷ್ಯ

ಅನ್ಯಲೋಕದ ಜೀವಿಗಳ ನಡುವೆ ಒಬ್ಬನೇ ಮನುಷ್ಯನನ್ನು ನಿಲ್ಲಿಸುವುದು ವೈಜ್ಞಾನಿಕ ಕಥೆಗಾರರ ಹಳೆಯ ಜಾಣ್ಮೆ. ಅದರ ಉದ್ದೇಶವೇನು? ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ 1901ರಲ್ಲಿ ಪ್ರಕಟಿಸಿದ ‘ದ ಫಸ್ಟ್ ಮೆನ್ ಇನ್ ದ ಮೂನ್’ ಕಾದಂಬರಿಯನ್ನೇ ನೋಡಿ.

ಕ್ಯಾವೊರ್ ಎಂಬ ವಿಜ್ಞಾನಿ ಗುರುತ್ವಾಕರ್ಷಣೆಯನ್ನು ತಡೆಯುವ ವಸ್ತುವೊಂದನ್ನು ತಯಾರಿಸುತ್ತಾನೆ. ಇಂಥ ವಸ್ತು ಇಂದಿಗೂ ಬರಿಯ ಕಲ್ಪನೆಯೇ. ಅದರ ನೆರವಿನಿಂದ ಅವನು ಬೆಡ್‌ಫೋರ್ಡ್ ಎಂಬ ಜೊತೆಗಾರನೊಡನೆ ಚಂದ್ರನನ್ನು ಸೇರುತ್ತಾನೆ. ಬೆಡ್‌ಫೋರ್ಡ್ ಭೂಮಿಗೆ ಮರಳುತ್ತಾನೆ. ಕ್ಯಾವೊರ್ ಮಾತ್ರ ಚಂದ್ರನ ಒಡಲೊಳಗೆ, ಕೀಟಗಳನ್ನು ಹೋಲುವ ಸೆಲೆನೈಟರ ನಡುವೆ ಉಳಿದುಬಿಡುತ್ತಾನೆ. ಕಂಡದ್ದನ್ನೆಲ್ಲ ನಿಸ್ತಂತು ಸಂದೇಶಗಳ ಮೂಲಕ ಭೂಮಿಗೆ ತಿಳಿಸುತ್ತಾನೆ.

ಅಲ್ಲಿ ಪ್ರತಿಯೊಬ್ಬನೂ ಒಂದು ಕೆಲಸಕ್ಕೆಂದೇ ರೂಪುಗೊಂಡವನು. ಮುಂದೆ ಯಂತ್ರ ನಡೆಸಬೇಕಾದ ಎಳೆಯರನ್ನು ಕೈಗಳಷ್ಟೇ ಹೊರಗಿರುವಂತೆ ಜಾಡಿಗಳಲ್ಲಿ ಅದುಮಿ ಬೆಳೆಸುತ್ತಾರೆ. ಕ್ಯಾವೊರನ ಮನಸ್ಸು ಕಲಕುತ್ತದೆ. ಆದರೆ ಭೂಮಿಯಲ್ಲಿ ನಾವು ಮಕ್ಕಳನ್ನು ಮೊದಲು ಮನುಷ್ಯರಾಗಲು ಬಿಟ್ಟು, ಅನಂತರ ಯಂತ್ರವಾಗಿಸುತ್ತೇವಲ್ಲ, ಅದಕ್ಕಿಂತ ಇದೇ ವಾಸಿ ಎಂದುಕೊಳ್ಳುತ್ತಾನೆ! ಕೊನೆಗೆ ಅಲ್ಲಿನ ದೊರೆಗೆ ಮನುಷ್ಯರ ಯುದ್ಧಗಳನ್ನು ವರ್ಣಿಸುತ್ತಾನೆ. ದೊರೆ ದಂಗಾಗುತ್ತಾನೆ. ಮುಂದೊಂದು ದಿನ ಸಂದೇಶ ನಡುವಿನಲ್ಲೇ ಕಡಿದುಹೋಗುತ್ತದೆ.

1969ರಲ್ಲಿ ಚಂದ್ರನ ಮೇಲಿಳಿದವರಿಗೆ ಯಾವ ಸೆಲೆನೈಟನೂ ಎದುರಾಗಲಿಲ್ಲ. ಆದರೂ ಕಾದಂಬರಿ ಹಳತಾಗಿಲ್ಲ. ಏಕೆಂದರೆ ಅಲ್ಲಿನ ಒಂಟಿ ಮನುಷ್ಯ ತೋರಿಸುವುದು ಚಂದ್ರನನ್ನಲ್ಲ, ನಮ್ಮನ್ನು. ಮಗು ಏಳನೆಯ ತರಗತಿ ಮುಗಿಸುವ ಮೊದಲೇ ಡಾಕ್ಟರೋ ಎಂಜಿನಿಯರೋ ಎಂದು ತೀರ್ಮಾನಿಸುವ ಪೋಷಕರು ಆ ಜಾಡಿಯನ್ನೊಮ್ಮೆ ನೆನೆಯಬೇಕು. ಇಂಥ ಓದಿಗೆ ಪರೀಕ್ಷೆಯಲ್ಲಿ ಅಂಕವಿಲ್ಲ, ನಿಜ. ಆದರೂ ಈ ರಜೆಯಲ್ಲಿ ಪುಸ್ತಕವನ್ನು ಮಕ್ಕಳ ಕೈಗೆ ಕೊಡಿ. ಅವರು ಓದಿ ಮುಗಿಸಿದ ಮೇಲೆ ನೀವೂ ಓದಿ.