ಹೊಟ್ಟೆನೋವಿಗೆಲ್ಲ ಹುಳುವೇ ಕಾರಣವೆ?

1894ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಹೆಸರಘಟ್ಟದ ಬಳಿ ಅರ್ಕಾವತಿಗೆ ಅಡ್ಡಲಾಗಿ ಜಲಾಶಯವೊಂದು ಎದ್ದಿತು. ಎರಡು ವರ್ಷಗಳ ನಂತರ ಅದರ ನೀರು ಕೊಳವೆಗಳಲ್ಲಿ ಬೆಂಗಳೂರನ್ನು ಮುಟ್ಟಿತು. ಕೆರೆ ಬಾವಿಗಳನ್ನೇ ನೆಚ್ಚಿದ್ದ ನಗರಕ್ಕೆ ಅದೊಂದು ದೊಡ್ಡ ವರ. ಏಕೆಂದರೆ ಹೊಟ್ಟೆಯ ರೋಗಗಳು ಮನೆಯನ್ನು ಹೊಗುವ ಹೆದ್ದಾರಿಗಳಲ್ಲಿ ಮಲಿನವಾದ ನೀರೂ ಒಂದು. ಆದರೆ ಕೊಳಾಯಿ ಬಂದರೂ ಒಂದು ನಂಬಿಕೆ ಮಾತ್ರ ಅಳಿಯಲಿಲ್ಲ: ಹೊಟ್ಟೆ ಉಬ್ಬರಿಸಿದರೂ, ಅಜೀರ್ಣವಾದರೂ, ಭೇದಿಯಾದರೂ ‘ಹುಳುವಿನ ಕಾಟ’ವೆಂಬ ನಂಬಿಕೆ. ಇದು ಎಷ್ಟರಮಟ್ಟಿಗೆ ನಿಜ?

ಮಲಪರೀಕ್ಷೆಯಲ್ಲಿ ಅಮೀಬ ಕಂಡಿತೆಂದ ಮಾತ್ರಕ್ಕೆ ಅದೇ ಅಪರಾಧಿಯೆನ್ನಲಾಗದು. ಆಮಶಂಕೆಯನ್ನುಂಟುಮಾಡುವ ಅಮೀಬಕ್ಕೆ ನಿರಪಾಯಕಾರಿಯಾದ ಅವಳಿಯೊಂದಿದೆ. ಸೂಕ್ಷ್ಮದರ್ಶಕದಲ್ಲಿ ಎರಡರ ರೂಪವೂ ಒಂದೇ. ಫ್ರಾನ್ಸಿನ ವಿಜ್ಞಾನಿ ಬ್ರಂಪ್ 1925ರಲ್ಲಿಯೇ ಇವೆರಡೂ ಬೇರೆ ಬೇರೆ ಎಂದು ವಾದಿಸಿದ್ದರು. ಆ ಮಾತಿಗೆ ಮನ್ನಣೆ ದೊರೆತದ್ದು 1993ರಲ್ಲಿ. ಮಲದಲ್ಲಿನ ಅಮೀಬ ರಕ್ತಕಣಗಳನ್ನು ನುಂಗಿರುವುದು ಕಂಡರೆ ಶಂಕೆ ಬಲವಾಗುತ್ತದೆ. ಇಲ್ಲವಾದರೆ ವಿಶೇಷ ಪರೀಕ್ಷೆಯೇ ಬೇಕು. ನಿಜವಾದ ಅಪರಾಧಿ ಸಿಕ್ಕಿದಲ್ಲಿ, ನೋವಿಲ್ಲದಿದ್ದರೂ ಚಿಕಿತ್ಸೆ ಅಗತ್ಯ.

ದುಂಡುಹುಳುಗಳು ಕೆಲವೇ ಇದ್ದರೆ ಅನೇಕ ವೇಳೆ ಯಾವ ಲಕ್ಷಣವೂ ತೋರದು; ಗುಂಪುಗೂಡಿದರೆ ಮಕ್ಕಳ ಕರುಳನ್ನೇ ಕಟ್ಟಿಹಾಕಬಲ್ಲವು. ಕೊಕ್ಕೆಹುಳು ನೀರಿಗಿಂತ ಹೆಚ್ಚಾಗಿ ಮಣ್ಣಿನ ಶತ್ರು. ಬರಿಗಾಲಿನ ಚರ್ಮವನ್ನು ಕೊರೆದು ದೇಹವನ್ನು ಸೇರಿ, ಹೊಟ್ಟೆನೋವಿಗಿಂತ ರಕ್ತಹೀನತೆಯಿಂದಲೇ ಹೆಚ್ಚು ಹಾನಿ ಮಾಡುತ್ತದೆ. ಬಿಳಿಚಿಕೊಂಡು ಬೇಗ ದಣಿಯುವ ಮಗುವಿಗೆ ಹೊಟ್ಟೆನೋವಿಲ್ಲವೆಂದು ತಾಯಂದಿರು ನಿಶ್ಚಿಂತರಾಗಬಾರದು. ಜಿಯಾರ್ಡಿಯ ಎಂಬ ಸೂಕ್ಷ್ಮಜೀವಿಯಾದರೋ ದುರ್ಗಂಧದ ಭೇದಿಗೂ ಹೊಟ್ಟೆಯುಬ್ಬರಕ್ಕೂ ನಿಜಕ್ಕೂ ಕಾರಣವಾಗುತ್ತದೆ. ಅದರ ಕೋಶಗಳು ಕ್ಲೋರಿನ್ನಿಗೆ ಸುಲಭವಾಗಿ ಮಣಿಯವು. ಕುದಿಯುವ ನೀರಿನಲ್ಲಿ ಉಳಿಯವು.

1 ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ ಮಾತ್ರೆ ನೀಡುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ 2015ರ ಫೆಬ್ರವರಿ 10ರಂದು ಆರಂಭವಾಯಿತು. ಮಣ್ಣಿನಿಂದ ಬರುವ ಹುಳುಗಳಿಗೆ ಆ ಮಾತ್ರೆ ಒಳ್ಳೆಯ ಮದ್ದು. ಅಮೀಬಕ್ಕೆ ಅದು ಮದ್ದಲ್ಲ. ಹಾಲು ಒಗ್ಗದಿರುವುದು, ಜಠರದ ಹುಣ್ಣು, ಕರುಳಿನ ಸೂಕ್ಷ್ಮತೆ ಇವೂ ಹುಳುವಿನ ವೇಷ ತೊಡುವುದುಂಟು. ಹುಳುವನ್ನೇ ದೂರುತ್ತ ಅಂಗಡಿಯ ಮಾತ್ರೆಗಳನ್ನು ನುಂಗುವವರು ನಿಜವಾದ ರೋಗಕ್ಕೆ ಕಾಲಾವಕಾಶ ಕೊಟ್ಟಂತಾಗುತ್ತದೆ. ಮಲದಲ್ಲಿ ರಕ್ತ, ತೂಕದ ಇಳಿಕೆ, ವಾರಗಟ್ಟಲೆ ಬಿಡದ ಭೇದಿ, ಇವುಗಳಲ್ಲಿ ಯಾವುದೊಂದು ಕಂಡರೂ ವೈದ್ಯರನ್ನು ಕಾಣತಕ್ಕದ್ದು.

ಉಳಿದಂತೆ, ಕುದಿಸಿದ ನೀರು, ತೊಳೆದ ತರಕಾರಿ, ಸೋಪು ಹಚ್ಚಿದ ಕೈ, ಚಪ್ಪಲಿ ಮೆಟ್ಟಿದ ಕಾಲು: ಹುಳುವಿರಲಿ ಬಿಡಲಿ, ಈ ನಾಲ್ಕರಿಂದ ನಷ್ಟಪಟ್ಟ ಸಂಸಾರವಿಲ್ಲ.