ಉಳಿದ ಮೈಲುತುತ್ತದಲ್ಲಿ ನೀಲಿ ಹರಳು

ಬಟಾಟಿ, ಎಲೆಬಳ್ಳಿಗೆ ಬೋರ್ಡೋ ದ್ರಾವಣ ಹೊಡೆಯುವವರ ಮನೆಯಲ್ಲಿ ಒಂದಿಷ್ಟು ಮೈಲುತುತ್ತ ಉಳಿದೇ ಇರುತ್ತದೆ. ಅದರಲ್ಲಿ 100 ಗ್ರಾಂ ಇದ್ದರೆ ಚಂದದ ನೀಲಿ ಹರಳು ಬೆಳೆಸಬಹುದು. ಇದು ಬರೇ ಹುಡುಗರ ಆಟ ಅಲ್ಲರಿ. ನಾವು ರೊಕ್ಕ ಕೊಟ್ಟು ತಂದ ಮಾಲಿನಲ್ಲಿ ಮಣ್ಣೆಷ್ಟು ಅನ್ನುವುದೂ ಗೊತ್ತಾಗುತ್ತದೆ.

ತಣ್ಣೀರಿಗಿಂತ ಬಿಸಿನೀರು ಹೆಚ್ಚು ಮೈಲುತುತ್ತ ಕರಗಿಸಿಕೊಳ್ಳುತ್ತದೆ. 100 ಮಿ.ಲೀ. ನೀರಿನಲ್ಲಿ 60 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 62 ಗ್ರಾಂ ಕರಗಿದರೆ, 30 ಡಿಗ್ರಿಗೆ ಸುಮಾರು 38 ಗ್ರಾಂ ಮಾತ್ರ. ಆರಿದಾಗ ಹೆಚ್ಚಿನದು ಹರಳಾಗಿ ಹೊರಬೀಳುತ್ತದೆ.

ನಾನು ಮಾಡುವ ಕ್ರಮ ಹೀಗೆ: ಗಾಜಿನ ಭರಣಿಯಲ್ಲಿ 200 ಮಿ.ಲೀ. ಬಿಸಿನೀರಿಗೆ 100 ಗ್ರಾಂ ಹಾಕಿ ಕಟ್ಟಿಗೆಯಿಂದ ಕಲಕುತ್ತೇನೆ. ಬಿಸಿ ಇರುವಾಗಲೇ ಅರಿವೆಯಲ್ಲಿ ಸೋಸುತ್ತೇನೆ. ಮರುದಿನ ತಳದಲ್ಲಿ ಸಣ್ಣ ಹರಳು ಕೂತಿರುತ್ತವೆ. ಚಲೋ ಆಕಾರದ ಒಂದನ್ನು ಆರಿಸಿ ದಾರಕ್ಕೆ ಕಟ್ಟಿ, ಮೇಲಿನ ತಿಳಿನೀರನ್ನು ಬೇರೆ ಭರಣಿಗೆ ಬಸಿದು, ಅದರಲ್ಲಿ ಇಳಿಬಿಡುತ್ತೇನೆ. ಕಲ್ಲುಸಕ್ಕರೆಯೊಳಗೆ ದಾರ ಇರುತ್ತದಲ್ಲ, ಹಾಗೇ. ಬಾಯಿಗೆ ಕಾಗದ ಮುಚ್ಚಿ ನೆರಳಲ್ಲಿ ಅಲುಗಾಡದಂತೆ ಇಡಬೇಕು. ನೀರು ಆರಿದಂತೆ ಹರಳು ಬೆಳೆಯುತ್ತದೆ. ಸಾಣಿಕಟ್ಟಾದ ಗದ್ದೆಯಲ್ಲಿ ಉಪ್ಪು ಕಟ್ಟುವುದೂ ಹೀಗೇ. ಎರಡು ಮೂರು ವಾರ ಕಾಯಬೇಕು. ಅವಸರ ಮಾಡಿ ಬಿಸಿಲಿಗಿಟ್ಟರೆ ಬರೇ ನುಚ್ಚು ಬೀಳುತ್ತದೆ.

ಸೋಸಿದ ಅರಿವೆಯನ್ನು ನೋಡ್ರಿ. ಶುದ್ಧ ಮಾಲು ಪೂರಾ ಕರಗುತ್ತದೆ. ಒಮ್ಮೆ ಪೇಟೆಯಿಂದ ತಂದ ಪುಡಿಯಲ್ಲಿ ಮಣ್ಣು ಉಳಿಯಿತು. ಅರಿವೆ ತೋರಿಸಿ ಬೇರೆ ಮಾಲು ಇಸಗೊಂಡೆ. ನೀರಲ್ಲಿ ಕರಗುವ ಬೆರಕೆ ಮಾತ್ರ ಇದರಿಂದ ತಿಳಿಯದು, ಅದಕ್ಕೆ ಪ್ರಯೋಗಾಲಯವೇ ಬೇಕು. ಪುಡಿಯಲ್ಲಿ ಬೆರಕೆ ಅಡಗುವುದು ಸುಲಭ. ಹರಳಿನ ರೂಪದ್ದನ್ನೇ ಕೊಳ್ಳುವುದು ಮೇಲು.

ಹರಳಿನ ಮೇಲೆ ಬಿಳಿ ಪುಡಿ ಕಂಡರೆ ಕೆಟ್ಟಿತೆಂದು ಚೆಲ್ಲಬ್ಯಾಡ್ರಿ. ಮೈಲುತುತ್ತದ ತೂಕದಲ್ಲಿ ಶೇಕಡಾ 36ರಷ್ಟು ನೀರೇ ಇದೆ. ಅದು ಆರಿದರೆ ನೀಲಿ ಹೋಗಿ ಬೆಳ್ಳಗಾಗುತ್ತದೆ, ತಾಮ್ರ ಎಲ್ಲೂ ಹೋಗುವುದಿಲ್ಲ.

ಎಚ್ಚರಿಕೆ: ಇದು ವಿಷ. ಅಡಿಗೆ ಪಾತ್ರೆ ಮುಟ್ಟಿಸಬಾರದು. ಕಬ್ಬಿಣ, ತಗಡಿನ ಬಕೆಟ್ ಸಹ ಬೇಡ. ತಾಮ್ರವೆಲ್ಲ ಅದಕ್ಕೆ ಹತ್ತಿ ದ್ರಾವಣದ ಕಸುವು ಹೋಗುತ್ತದೆ. ಮಕ್ಕಳಿಗೆ, ದನಕ್ಕೆ ಸಿಗದಂತೆ ಇಡಿರಿ. ಉಳಿದ ನೀಲಿ ನೀರನ್ನು ಬಾವಿ, ಕೆರೆ ಕಡೆ ಚೆಲ್ಲಿದರೆ ಮೀನು ಸಾಯುತ್ತವೆ. ಮುಂದಿನ ಬೋರ್ಡೋ ದ್ರಾವಣಕ್ಕೆ ಅದನ್ನೇ ಬಳಸಿರಿ, ಹನಿಯೂ ಹಾಳಾಗುವುದಿಲ್ಲ.